ಜಪಾನಿಗೆ ಹೋಗದ ಕಾಗದಗಳು

ನಮ್ಮಕ್ಕನಿಗೆ ಜಪಾನಿನ ರಾಕ್ ಹಾಡುಗಳ ಹುಚ್ಚು ಹತ್ತಿದ್ದು ಮಸ್ಕಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಿಯುಸಿ ಮುಗಿಸಿದ್ದ ಅಕ್ಕ ಸಿಂಧನೂರಿನ ಡಿಗ್ರಿ ಕಾಲೇಜಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಅಪ್ಪ ಬೇಡವೆಂದಿದ್ದ. ಸಂಜೆ ರೊಟ್ಟಿ ಬಡಿಯುವಾಗ ಅಪ್ಪನ ರೇಡಿಯೋ ಪಕ್ಕದಲ್ಲಿಟ್ಟುಕೊಳ್ಳುವುದೊಂದೇ ಅವಳಿಗೆ ಉಳಿದಿದ್ದ ಖುಷಿ. ಒಂದು ದಿನ ಹಿಟ್ಟಿನ ಕೈಯಲ್ಲೇ ಮುಳ್ಳು ತಿರುಗಿಸುತ್ತಿದ್ದಾಗ ಶಾರ್ಟ್‌ವೇವ್‌ನಲ್ಲಿ ಜಪಾನಿನ ಕೇಂದ್ರ ಸಿಕ್ಕಿತು. ಗಿಟಾರು, ಡ್ರಮ್ಮು, ಅವುಗಳ ನಡುವೆ ಕೂಗಿ ಕೂಗಿ ಒಡೆದುಹೋದಂಥ ಒಂದು ಹೆಣ್ಣು ದನಿ. ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಕಾಯಿತು.

"ಏನ್ ಹಾಡಾಕತ್ತಾಳಂತ ತಿಳೀತೇನು?" ಎಂದು ಕೇಳಿದೆ.

"ಒಂದಕ್ಷರಾನೂ ತಿಳೀಲಿಲ್ಲ. ಆದ್ರ ಆಕಿ ಸಿಟ್ಟು ನನಗ ಗೊತ್ತೈತಿ ಬೇ," ಅಂದಳು.

ಮರುದಿನದಿಂದ ಅದೇ ಹೊತ್ತಿಗೆ ಟೇಪ್ ರೆಕಾರ್ಡರನ್ನು ರೇಡಿಯೋ ಎದುರಿಗಿಟ್ಟು ಹಾಡುಗಳನ್ನು ತುಂಬಿಸಿಕೊಳ್ಳತೊಡಗಿದಳು. ನಮ್ಮದು ದಿನಾ ಲಿಂಗಪೂಜೆ ನಡೆಯುವ ಮನೆ. ಬಟ್ಟೆ ಅಂಗಡಿಯಿಂದ ಬಂದ ಅಪ್ಪ ಪಡಸಾಲೆಯಲ್ಲಿ ಕೂತು, "ಅದೇನು ತಗಡು ಬಡೀತಾರವಾ?" ಎನ್ನುತ್ತಿದ್ದ. ಆದರೆ ರೇಡಿಯೋ ಕಸಿದುಕೊಳ್ಳಲಿಲ್ಲ. ಕಾಲೇಜು ಬೇಡವೆಂದದ್ದರ ಅಳುಕು ಅವನಿಗೂ ಇತ್ತೆಂದು ಕಾಣುತ್ತದೆ.

ಅಕ್ಕ ಆ ಕೇಂದ್ರಕ್ಕೆ ಪತ್ರ ಬರೆದಳು. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಒಂದು ಪುಟ ಇಂಗ್ಲಿಷ್ ಬರೆಯಲು ಮೂರು ದಿನ ಹಿಡಿಯಿತು. ಅವರು ಒಂದು ಕ್ಯಾಲೆಂಡರನ್ನೂ ಪತ್ರಸ್ನೇಹ ಬಯಸಿದ ಒಬ್ಬ ಹುಡುಗಿಯ ವಿಳಾಸವನ್ನೂ ಕಳಿಸಿದರು. ಆ ಹುಡುಗಿ ಜಪಾನಿನ ಒಂದು ಬಂದರು ಊರಿನವಳು. ಶೂ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ರಜಾದಿನ ಮೂವರು ಗೆಳತಿಯರ ಜತೆ ಸೇರಿ ಬೇಸ್ ಗಿಟಾರು ಬಾರಿಸುತ್ತಿದ್ದಳು. ಬೇಸ್ ಗಿಟಾರೆಂದರೆ ಏನೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಅವಳ ಇಂಗ್ಲಿಷೂ ನಮ್ಮಷ್ಟೇ ಇತ್ತು. ಅದಕ್ಕೇ ಅಕ್ಕನಿಗೆ ಧೈರ್ಯ ಬಂತು. ಕೆಲವು ಪತ್ರಗಳಾದ ಮೇಲೆ ಆ ಹುಡುಗಿ ತನ್ನ ಗುಂಪಿನ ಹಾಡುಗಳ ಒಂದು ಕ್ಯಾಸೆಟ್ ಕಳಿಸಿದಳು. ರೇಡಿಯೋದಲ್ಲಿ ಬರುವುದಕ್ಕಿಂತ ಒರಟು ಹಾಡುಗಳು. ಒಂದರ ಕೊನೆಗೆ ಯಾರೋ ಕೆಮ್ಮಿದ್ದು, ಎಲ್ಲರೂ ನಕ್ಕಿದ್ದು ಹಾಗೇ ಉಳಿದಿತ್ತು. ಆ ನಗೆಯಲ್ಲಿ ತನ್ನ ಗೆಳತಿಯದು ಯಾವುದೆಂದು ಅಕ್ಕ ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಹುಡುಕುತ್ತಿದ್ದಳು.

ಮುಂದಿನ ವರ್ಷ ಒಂದು ವಿಡಿಯೋ ಕ್ಯಾಸೆಟ್ ಬಂತು. ಅದರಲ್ಲಿ ಅನಿಮೆ ಎಂಬ ಜಪಾನಿ ಕಾರ್ಟೂನಿನ ಮೂರು ಪುಟ್ಟ ಚಿತ್ರಗಳಿದ್ದವು. ಸಿಂಧನೂರಿನ ವಿಡಿಯೋ ಅಂಗಡಿಗೆ ಒಯ್ದೆವು. ಪರದೆಯ ಮೇಲೆ ಬರೀ ಕಪ್ಪು ಬಿಳಿ ಪಟ್ಟೆಗಳು ಉರುಳಿದವು. ಅಂಗಡಿಯವನು ಕ್ಯಾಸೆಟ್ ತೆಗೆದುಕೊಟ್ಟು, "ಇದು ಬ್ಯಾರೆ ಸಿಸ್ಟಮ್ ಐತಿ ತಂಗಿ. ನಮ್ ಮಷೀನು ತಗೊಳ್ಳಂಗಿಲ್ಲ," ಅಂದ. ಲಿಂಗಸುಗೂರಿನಲ್ಲಿ ಅಪ್ಪನ ಪರಿಚಯದವರೊಬ್ಬರ ಮಗ ದುಬೈಯಿಂದ ಎಲ್ಲ ಸಿಸ್ಟಮ್ಮೂ ಓಡಿಸುವ ಮಷೀನು ತಂದಿದ್ದಾನೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ಅಕ್ಕ ಅಪ್ಪನ ಬೆನ್ನು ಬಿಡಲಿಲ್ಲ. ಒಂದು ರವಿವಾರ ಅವನೇ ನಮ್ಮನ್ನು ಕರೆದುಕೊಂಡು ಹೋದ.

ಮೂರರಲ್ಲಿ ಒಂದು ನನಗೆ ಇಂದಿಗೂ ನೆನಪಿದೆ. ಹನ್ನೊಂದು ನಿಮಿಷದ್ದು, ಮಾತಿಲ್ಲದ್ದು. ಒಬ್ಬ ಮುದುಕಿ ಟ್ರಾಮ್ ಓಡಿಸುತ್ತಾಳೆ, ಯಾರೂ ಹತ್ತುವುದಿಲ್ಲ. ಆದರೂ ಪ್ರತಿ ನಿಲ್ದಾಣದಲ್ಲಿ ನಿಲ್ಲಿಸಿ, ಬಾಗಿಲು ತೆರೆದು, ಕಾದು, ಮುಚ್ಚಿ ಮುಂದೆ ಹೋಗುತ್ತಾಳೆ. ಕೊನೆಯ ನಿಲ್ದಾಣ ಸಮುದ್ರದ ದಂಡೆ. ಅಷ್ಟೇ. ಆ ಮನೆಯ ಅಜ್ಜಿ, "ಇದೇನವಾ, ಯಾರೂ ಮಾತೇ ಆಡವಲ್ರು," ಅಂದಳು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ಹಾಕಿರೆಂದು ಕೇಳಿದಳು. ಅವರು ಹಾಕಿದರು. ಅವಳು ಅಷ್ಟು ಸುಖವಾಗಿದ್ದುದನ್ನು ನಾನು ಮತ್ತೆಂದೂ ನೋಡಲಿಲ್ಲ.

ಆಮೇಲೆ ಅವಳನ್ನು ಜವಳಗೇರಾಕ್ಕೆ ಕೊಟ್ಟರು. ಕಾಲುವೆ ನೀರಿನ ಭತ್ತದ ಗದ್ದೆ ಇದ್ದ ಮನೆತನ. ಮಾವ, ಅಂದರೆ ಅಕ್ಕನ ಗಂಡ, ಒಳ್ಳೆಯವನು. ಅವಳ ಕ್ಯಾಸೆಟ್ಟುಗಳನ್ನು ಟ್ರ್ಯಾಕ್ಟರಿನ ಟೇಪಿಗೆ ಹಾಕಿ ಕೇಳಿ, "ಇಂಜಿನ್ ಬಡಿದಂಗ ಐತಿ, ಆದ್ರ ನಿದ್ದಿ ಬರಂಗಿಲ್ಲ ನೋಡು," ಎಂದನಂತೆ. ಅದನ್ನೂ ಅಕ್ಕ ಗೆಳತಿಗೆ ಬರೆದಳು. ನಿನ್ನ ಹಾಡು ಕೇಳುತ್ತ ನಮ್ಮೂರಲ್ಲಿ ಗದ್ದೆ ಹದ ಮಾಡುತ್ತಾರೆ ಎಂದು. ಆ ವರ್ಷವೇ ಅಪ್ಪ ನನ್ನನ್ನು ಸಿಂಧನೂರಿನ ಕಾಲೇಜಿಗೆ ಸೇರಿಸಿದ. ಅಕ್ಕನಿಗೆ ಬೇಡವೆಂದದ್ದು ನನಗೆ ಸಿಕ್ಕಿತು. ಅವಳು ಅದಕ್ಕೂ ಖುಷಿಪಟ್ಟಳು.

ಚೊಚ್ಚಲ ಹೆರಿಗೆಗೆಂದು ಅಕ್ಕ ಮಸ್ಕಿಗೆ ಬಂದಿದ್ದಾಗ, ಸಂಕ್ರಾಂತಿ ಕಳೆದ ಮೂರ್ನಾಲ್ಕು ದಿನಕ್ಕೆ, ಜಪಾನಿನಲ್ಲಿ ದೊಡ್ಡ ಭೂಕಂಪವಾದ ಸುದ್ದಿ ಬಂತು. ಗೆಳತಿಯ ಊರೇ. ಟಿವಿಯಲ್ಲಿ ಅಡ್ಡಬಿದ್ದ ಮೇಲ್ಸೇತುವೆಯನ್ನೂ ಉರಿಯುವ ಬೀದಿಗಳನ್ನೂ ತೋರಿಸಿದರು. ಅಕ್ಕ ಅಂದೇ ಪತ್ರ ಬರೆದಳು. ನಾನೇ ಸಿಂಧನೂರಿನ ಅಂಚೆಗೆ ಹಾಕಿ ಬಂದೆ.

ಫೆಬ್ರುವರಿಯಲ್ಲಿ ಮಗ ಹುಟ್ಟಿದ. ಅದಾಗಿ ಹದಿನೈದು ದಿನಕ್ಕೆ ಆ ಪತ್ರ, ವಿಳಾಸದಲ್ಲಿ ಯಾರೂ ಇಲ್ಲವೆಂಬ ಮುದ್ರೆ ಹೊತ್ತು ವಾಪಸು ಬಂತು. ಬಾಗಿಲಲ್ಲಿದ್ದವಳು ನಾನು. ಅವ್ವನಿಗೆ ತೋರಿಸಿದೆ.

"ಹಸಿ ಬಾಣಂತಿ ಅದಾಳ. ಈಗ ಹೇಳಿದ್ರ ಎದಿ ಹಾಲು ಬತ್ತತೈತಿ. ಆಮ್ಯಾಲ ಹೇಳಿದ್ರಾತು," ಅಂದಳು ಅವ್ವ.

ಆ ಪತ್ರವನ್ನು ನನ್ನ ಟ್ರಂಕಿನಲ್ಲಿಟ್ಟೆ. ಆಮೇಲೆ ಎನ್ನುವ ದಿನ ಬರಲೇ ಇಲ್ಲ. ಜವಳಗೇರಾಕ್ಕೆ ಮರಳಿದ ಮೇಲೂ ಅಕ್ಕ ಬರೆಯುತ್ತ ಹೋದಳು. ನಾನು ಹೋದಾಗೆಲ್ಲ ಒಂದು ಪತ್ರ ಕೈಗೆ ಕೊಡುತ್ತಿದ್ದಳು. ಉತ್ತರ ಬಂದರೆ ಮಸ್ಕಿಗೇ ಬರಲೆಂದು, ಕಳಿಸುವವರ ಜಾಗದಲ್ಲಿ ಗೆಳತಿಗೆ ಗೊತ್ತಿದ್ದ ನಮ್ಮ ಮನೆಯ ವಿಳಾಸವನ್ನೇ ಬರೆಯುತ್ತಿದ್ದಳು. ಮೊದಲೆರಡನ್ನು ಅಂಚೆಗೆ ಹಾಕಿದೆ. ಅವೂ ತಿರುಗಿ ಬಂದವು. ಅಲ್ಲಿಂದ ಮುಂದಿನವನ್ನು ಹಾಕಲಿಲ್ಲ. "ಏನರ ಬಂತಾ?" ಎಂದು ಕೇಳಿದರೆ, "ಊರೆಲ್ಲ ಬಿದ್ದೈತಲ್ಲಕ್ಕ, ತಡ ಆಗತೈತಿ," ಎನ್ನುತ್ತಿದ್ದೆ. ಅವಳು ನಂಬುತ್ತಿದ್ದಳು. ನಂಬಿದ ಮುಖ ನೋಡಿ ನನಗೆ ಸಮಾಧಾನವೂ ಆಗುತ್ತಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಎರಡೂವರೆ ವರ್ಷದ ನಂತರ ಪಂಚಮಿಗೆ ತವರಿಗೆ ಬಂದ ಅಕ್ಕ, ಮಗನಿಗೆ ಜೋಕಾಲಿ ಕಟ್ಟಲು ಹಳೇ ಸೀರೆ ಬೇಕೆಂದು ನನ್ನ ಟ್ರಂಕು ತೆರೆದಳು. ಹಿತ್ತಲಿನಿಂದ ನಾನು ಒಳಗೆ ಬಂದಾಗ ಪತ್ರಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು.

"ಇವು ಯಾವಾಗ ತಿರುಗಿ ಬಂದಾವ?"

"ಮೊದಲನೇದು ನೀ ಬಾಣಂತಿ ಇದ್ದಾಗ."

"ಇವಕ್ಕ ಮುದ್ರೀನ ಬಿದ್ದಿಲ್ಲಲ್ಲ?"

"ನಾ ಹಾಕಲಿಲ್ಲಕ್ಕ. ಮತ್ತ ವಾಪಸ್ ಬರ್ತಿದ್ವು. ನೀ ಅಳ್ತಿ ಅಂತ..."

"ಅಳ್ತಿದ್ದೆ," ಅಂದಳು. "ಅಳಾಕ ಬಿಡಬೇಕಿತ್ತು ನೀ ನನ್ನ. ಅತ್ತು, ಆಮ್ಯಾಲ ರೇಡಿಯೋದವ್ರಿಗೆ ಬರೀತಿದ್ದೆ. ಅದಾಳೋ ಇಲ್ಲೋ, ಯಾರರ ಹುಡುಕಿ ಹೇಳ್ತಿದ್ರು. ಈಗ ಯಾರನ್ನ ಕೇಳ್ಲಿ?"

ನನಗೆ ಆ ದಾರಿ ಹೊಳೆದೇ ಇರಲಿಲ್ಲ. ಡಿಗ್ರಿ ಓದಿದ್ದವಳು ನಾನು.

ಆದರೂ ಅಕ್ಕ ರೇಡಿಯೋದವರಿಗೆ ಬರೆದಳು; ಈ ಸಲ ಜವಳಗೇರಾದಲ್ಲಿ ತಾನೇ ಅಂಚೆಗೆ ಹಾಕಿದಳು. ದೀಪಾವಳಿ ಕಳೆದ ಮೇಲೆ ನಾನು ಹೋದಾಗ ಉತ್ತರ ಬಂದಿತ್ತು. ಟೈಪ್ ಮಾಡಿದ, ಬಹಳ ಮರ್ಯಾದೆಯ ಇಂಗ್ಲಿಷ್ ಪತ್ರ. ಓದು ಎಂದು ನನ್ನ ಕೈಗೆ ಕೊಟ್ಟಳು. ಆ ಬೀದಿ ಸುಟ್ಟುಹೋಗಿತ್ತು. ತಮಗೆ ಸಿಕ್ಕ ತೀರಿಕೊಂಡವರ ಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಅಲ್ಲಿ ಉಳಿದವರನ್ನು ಮೊದಲ ಕೆಲವು ತಿಂಗಳು ಒಂದು ಶಾಲೆಯಲ್ಲಿ, ಆಮೇಲೆ ತಾತ್ಕಾಲಿಕ ಮನೆಗಳಲ್ಲಿ ಇಟ್ಟಿದ್ದರು; ಆಗ ಕೇಳಿದ್ದರೆ ವಿಚಾರಿಸಬಹುದಿತ್ತು. ಈಗ ಅವರು ಬೇರೆ ಬೇರೆ ಊರುಗಳಿಗೆ ಹೋಗಿದ್ದಾರೆ, ಕ್ಷಮಿಸಿ, ಎಂದಿತ್ತು.

ನಾನು ಅಳತೊಡಗಿದೆ. ಅಕ್ಕ ಪತ್ರವನ್ನು ತೆಗೆದುಕೊಂಡು ಮಡಚಿ, "ಅನ್ನ ಆರಾಕತ್ತೈತಿ, ಏಳು," ಅಂದಳು.

ಊಟವಾದ ಮೇಲೆ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ ನಿಲ್ಲುವ ಜಾಗದವರೆಗೆ ಬಂದಳು. ಆ ದಾರಿಯಲ್ಲಿ ಅವಳು ಯಾವಾಗಲೂ ಹೊಸದಾಗಿ ಕೇಳಿದ ಹಾಡುಗಳ ಬಗ್ಗೆ ಹೇಳುತ್ತಿದ್ದಳು, ಡ್ರಮ್ಮಿನ ಪೆಟ್ಟನ್ನು ನನ್ನ ತೋಳಿನ ಮೇಲೆ ಬಡಿದು ತೋರಿಸುತ್ತಿದ್ದಳು. ಆ ದಿನ ಅಪ್ಪನ ಮೊಣಕಾಲು ಹೇಗಿದೆ, ಅವ್ವ ಮಾತ್ರೆ ತೆಗೆದುಕೊಳ್ಳುತ್ತಾಳಾ ಎಂದು ಕೇಳಿದಳು. ಎಲ್ಲಕ್ಕೂ ಉತ್ತರ ಹೇಳಿದೆ. ಹಾಡಿನ ಮಾತು ಬರಲಿಲ್ಲ. ಬಸ್ಸು ಬಂತು. "ಸೀಟ್ ಐತಿ ನೋಡು, ಹತ್ತು," ಅಂದಳು.