ನಡುವಿಗೆ ಕಟ್ಟಿದ ಬ್ಯಾಟರಿ

ಬನಹಟ್ಟಿಯ ಶಿವವ್ವ ಮೆತ್ತಗೆ ಮಾತಾಡಿದ್ದನ್ನು ಕೇಳಿದವರು ಯಾರೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಪವರ್‌ಲೂಮ್ ಶೆಡ್ಡಿನಲ್ಲಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದವಳು. ಆ ಖಟಖಟ ಸದ್ದಿನಲ್ಲಿ ಮೆತ್ತಗೆ ಮಾತಾಡಿದರೆ ಯಾರ ಕಿವಿಗೆ ಬೀಳಬೇಕು? ಹಾಗಾಗಿ ಈ ಸಲ ಯುಗಾದಿಗೆ ಶ್ರೀಶೈಲಕ್ಕೆ ತಾನೂ ನಡೆದು ಹೋಗುತ್ತೇನೆಂದು ಅವಳು ಮನೆಯಲ್ಲಿ ಹೇಳಿದ್ದು ಇಡೀ ಓಣಿಗೆ ಗೊತ್ತಾಗಿಹೋಯಿತು.

ಪಾದಯಾತ್ರೆಯ ತಂಡಕ್ಕೆ ಹಿರಿಯ ಅವಳ ಸ್ವಂತ ಅಣ್ಣ, ಸಾವಳಗಿಯ ರೈತ ಶಿದ್ರಾಮಪ್ಪ. ತಂಡದ ಸಾಮಾನು, ನಡೆಯಲಾಗದವರನ್ನು ಹೊತ್ತು ಒಂದು ಟ್ರ್ಯಾಕ್ಟರ್ ಡಾಂಬರು ರಸ್ತೆಯಲ್ಲಿ ಬರುವುದು ವಾಡಿಕೆ. ತಂಗಿಯೆಂದರೆ ಪ್ರಾಣ, ಆದರೆ ಮಾತು ಮಾತ್ರ ಕಡ್ಡಿ ಮುರಿದ ಹಾಗೆ.

“ಅಡವಿ ದಾರ್ಯಾಗ ಟ್ರ್ಯಾಕ್ಟರ್ ಬರಂಗಿಲ್ಲ ಶಿವಿ. ತನ್ನ ಗಂಟು ತಾನ ಹೊರಬೇಕು, ನಸುಕಿನ ಕತ್ತಲದಾಗ ತನ್ನ ದಾರಿ ತಾನ ನೋಡ್ಕೋಬೇಕು. ನಿನ್ನ ಭುಜ ನೋಡಿದ್ರ ಆಗಲೇ ಸೋತೈತಿ. ಸುಮ್ನ ಟ್ರ್ಯಾಕ್ಟರದಾಗ ಕುಂತು ಬಂದ್ಬಿಡು.”

“ಯಣ್ಣಾ, ನಡಕೋತ ಬರ್ತೇನಿ ಅಂತ ಶ್ರೀಶೈಲದ ಮಲ್ಲಯ್ಯಗ ಬೇಡ್ಕೊಂಡೇನಿ. ಟ್ರ್ಯಾಕ್ಟರ್ ಹತ್ತಿ ಹೋಗಿ ಅವಗ ಹೆಂಗ ಮಾರಿ ತೋರಸಲಿ?”

ಅಣ್ಣ-ತಂಗಿ ಇಬ್ಬರೂ ಹಟಮಾರಿಗಳೇ. ಕೊನೆಗೆ ಒಂದು ಒಪ್ಪಂದವಾಯಿತು. ಸೋಮವಾರ ಹೊತ್ತು ಮುಳುಗುತ್ತಲೇ ತಂಡದವರೆಲ್ಲ ಗಂಟು ಹೊತ್ತು, ಹೊಲದ ದಾರಿ ಹಿಡಿದು ರಬಕವಿಯ ಹೊಳೆದಂಡೆಯವರೆಗೆ ನಡೆಯುವುದು. ನಡುವೆ ಎಲ್ಲೂ ಗಂಟು ಇಳಿಸದೆ ದಂಡೆ ಮುಟ್ಟಿದರೆ ಶಿವವ್ವ ಅಡವಿ ದಾರಿಗೆ, ಇಳಿಸಿದರೆ ಟ್ರ್ಯಾಕ್ಟರಿಗೆ.

ಶಿವವ್ವ ಗಂಟು ಕಟ್ಟಲು ಕೂತಳು. ಕೌದಿ ತೆಗೆದು ಚಾದರ ಇಟ್ಟಳು. ರೊಟ್ಟಿಯ ಬುಟ್ಟಿ ಬಿಟ್ಟು ಅರಿವೆಯಲ್ಲಿ ರೊಟ್ಟಿ ಸುತ್ತಿದಳು. ಎಲ್ಲ ಸರಿಹೋಯಿತು, ಬ್ಯಾಟರಿಯ ಹತ್ತಿರ ಬಂದು ನಿಂತಿತು. ಈ ಭಾಗದಲ್ಲಿ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ. ಕತ್ತಲಲ್ಲಿ ಕಬ್ಬಿಗೆ ನೀರು ಹಾಯಿಸಲು ಹೋಗುವ ರೈತರು ಅದನ್ನು ಕೊಳ್ಳುವಾಗ ನೋಡುವುದು ಒಂದೇ, ಬೆಳಕು ಎಷ್ಟು ದೂರ ಹೊಡೆಯುತ್ತದೆ ಅಂತ. ಶಿದ್ರಾಮಪ್ಪ ತಂಗಿಗೆಂದು ತಂದದ್ದೂ ಅಂಥದ್ದೇ, ಒನಕೆಯ ತುಂಡಿನಂಥದ್ದು.

“ನೋಡ ಬೇ, ಆ ಬೇವಿನ ಗಿಡದ ಎಲಿ ಎಣಸಬಹುದು!”

ಶಿವವ್ವನಿಗೂ ಖುಷಿಯೋ ಖುಷಿ. ಓಣಿಯ ನೀರಿನ ಟಾಕಿಗಳಿಗೆಲ್ಲ ಬೆಳಕು ಹೊಡೆದು ನೋಡಿದಳು. ಆದರೆ ಅದನ್ನು ಗಂಟಿಗೆ ಸೇರಿಸಿ ಹೆಗಲಿಗೆ ಏರಿಸಿದಳೋ ಇಲ್ಲವೋ, “ಯವ್ವಾ!” ಎಂದು ಕೆಳಗಿಟ್ಟಳು. ಇನ್ನು ಟ್ರ್ಯಾಕ್ಟರೇ ಗತಿಯೆಂದು ಗಂಟಿನ ಬಾಜು ಕೂತುಬಿಟ್ಟಳು.

ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ಸೌಂದರ್ಯಾ ಅತ್ತೆಯ ಮಾರಿ ನೋಡಿ ಫೋನಿನಲ್ಲೇ ಒಂದು ದೀಪ ತರಿಸಿದಳು. ಹಿಗ್ಗುವ ಪಟ್ಟಿ, ಅದಕ್ಕೆ ಹುಣಸೆಕಾಯಿಯ ತುಣುಕಿನಷ್ಟು ದೀಪ.

“ಅತ್ತೀ, ಗುಡ್ಡ ಹತ್ತವ್ರು ಇದನ್ನ ಹಣಿಗೆ ಕಟ್ಕೋತಾರ್ರಿ. ಎರಡೂ ಕೈ ಖಾಲಿ!”

ಶಿವವ್ವ ನಂಬಲಿಲ್ಲ. ಶೆಡ್ಡಿಗೆ ಒಯ್ದು ನೂಲು ತೂಗುವ ತಕ್ಕಡಿಯಲ್ಲಿಟ್ಟಳು. ನಾಲ್ಕು ಕಂಡಿಕೆಯಷ್ಟೂ ತೂಗಲಿಲ್ಲ! ಕತ್ತಲಾಗುತ್ತಲೇ ಹಣೆಗೆ ಬಿಗಿದು, ದೀಪ ಹಚ್ಚಿಕೊಂಡು ಓಣಿಗೆ ಇಳಿದಳು. ಎದುರುಮನೆಯ ಕರೆವ್ವ ಎದುರಾದಳು. ಮಾತಾಡಿಸುವಾಗ ಮುಖ ನೋಡದೆ ಮಾತಾಡಿಸುವುದುಂಟೇ?

“ಚಾ ಆತನ ಕರೆವ್ವಾ?”

“ಅಯ್ಯ, ನನ್ನ ಕಣ್ಣ ಹೋದ್ವಲ್ಲೇ ನಿನ್ನ!”

ಕರೆವ್ವನಿಗೆ ತೊಂದರೆಯಾಯಿತೆಂದು ಸೆರಗನ್ನು ತಲೆ ಮೇಲೆ ಮುಂದಕ್ಕೆಳೆದುಕೊಂಡರೆ ದೀಪ ಸೆರಗಿನೊಳಗೇ ಉರಿಯಿತು. ತಲೆಯೊಂದು ಬೆಳಗಿತು, ದಾರಿ ಕಾಣದಾಯಿತು. ಮಲ್ಲಯ್ಯನ ದಾರಿಯಲ್ಲಿ ಸೆರಗಿಲ್ಲದೆ ನಡೆಯುವವಳಲ್ಲ ಅವಳು. ಸಿಟ್ಟು ನೆತ್ತಿಗೇರಿ ಪಟ್ಟಿಯನ್ನು ಕಿತ್ತು ನಡುವಿಗೆ ಬಿಗಿದಳು. ಬೆಳಕು ಬಾಗಿ ಸೀದಾ ಹೆಜ್ಜೆಯ ಮುಂದೆ ಬಿತ್ತು. ಹರಳುಕಲ್ಲು ಕಂಡಿತು, ಕಲ್ಲಿನ ಮೇಲೆ ಹತ್ತುತ್ತಿದ್ದ ಇರುವೆ ಕಂಡಿತು.

“ಸೌಂದರ್ಯಾ! ಬಾ ಇಲ್ಲಿ! ಇರಬಿ ಕಾಣ್ತೈತಿ!”

ಸೋಮವಾರ ಬಂತು. ಶಿದ್ರಾಮಪ್ಪ ತಂಗಿಯ ನಡು ನೋಡಿ ಬಿದ್ದು ಬಿದ್ದು ನಕ್ಕ. ಒನಕೆಯಂಥ ಬ್ಯಾಟರಿಯನ್ನು ತಾನೇ ಹಿಡಿದು ಮುಂದೆ ನಡೆದ. ಅದರ ಬೆಳಕು ಹೊಳೆಯಾಚೆಗೂ ಹೋಯಿತು. ಕಾಲ ಬುಡದಲ್ಲಿ ಮಾತ್ರ ಕತ್ತಲು. ಕಬ್ಬಿನ ಒಣಗರಿಯ ರವದಿ ಮುಚ್ಚಿದ ತಗ್ಗಿನಲ್ಲಿ ಅವನ ಹಿಂದಿದ್ದವರು ಒಬ್ಬರಾದ ಮೇಲೊಬ್ಬರು ಎಡವಿದರು. ಒಬ್ಬಳು ಸರಿದು ಶಿವವ್ವನ ಬಾಜು ಬಂದಳು, ಆಮೇಲೆ ಇನ್ನೊಬ್ಬಳು. ಸ್ವಲ್ಪ ಹೊತ್ತಿಗೆ ಹೆಂಗಸರ ಗುಂಪೇ ಆ ಪುಟ್ಟ ಬೆಳಕಿನ ಸುತ್ತ ನೆರೆಯಿತು.

ಶಿವವ್ವನ ಭುಜವೋ, ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯುತ್ತಿತ್ತು. ಇಳಿಸಿಬಿಡಲೇ ಎಂದು ಒಂದು ಸಲವಲ್ಲ, ಹತ್ತು ಸಲ ಅನ್ನಿಸಿತು. ಆದರೆ ಕಣ್ಣ ಮುಂದೆ ಒಂದು ಹೆಜ್ಜೆ ಇಡುವಷ್ಟು ನೆಲ ಚೊಕ್ಕ ಕಾಣುತ್ತಿತ್ತು. ಅದನ್ನು ಇಟ್ಟಳು. ಮುಂದಿನದು ಕಂಡಿತು, ಅದನ್ನೂ ಇಟ್ಟಳು. ಹೊಳೆಯ ತಂಪುಗಾಳಿ ಮುಖಕ್ಕೆ ಬಡಿದಾಗ ಖುಷಿಗೆ ಕಣ್ಣು ತುಂಬಿಬಂದವು.

ಶಿದ್ರಾಮಪ್ಪ ದಂಡೆಯ ಮೇಲೆ ಒಂದು ಕಾಲೆತ್ತಿ ನಿಂತಿದ್ದ. ತಾನೂ ಎಡವಿ ಕಾಲಿನ ಹೆಬ್ಬೆರಳು ಒಡೆದುಕೊಂಡಿದ್ದ. ತಂಗಿಯನ್ನು ಮೇಲಿಂದ ಕೆಳಗೆ ನೋಡಿದ.

“ಮುಟ್ಟಿದಿ ನಮ್ಮವ್ವ, ಮುಟ್ಟಿದಿ! ಅಡವ್ಯಾಗ ನನ್ನ ಬಾಜುನ ನಡಿ. ಈಗರ ಗಂಟು ಇಳಸ.”

“ಇಳಸಂಗಿಲ್ಲಣ್ಣಾ!” ಶಿವವ್ವನ ದನಿ ಹೊಳೆಯಾಚೆಗೂ ಕೇಳಿಸಿರಬೇಕು. “ಮನಿತನಕ ಹಿಂಗ ಹೊತ್ಕೊಂಡು ಹೊಂಟೇನಿ. ಬರೂದಿದ್ರ ಬಾ!”

ಅಂದವಳೇ ತಿರುಗಿದಳು. ಶಿದ್ರಾಮಪ್ಪ ತನ್ನ ಬ್ಯಾಟರಿ ಆರಿಸಿ, ಕುಂಟುತ್ತಲೇ ಓಡಿ ತಂಗಿಯ ಬೆಳಕಿಗೆ ಬಂದ.