ಅಬ್ನರನ ಕಂದುಗರಿಯ ಬಾಣ

ಓಹಾಯೋದ ನಮ್ಮ ಗುಡ್ಡದ ಸೀಮೆಯಲ್ಲಿ ಕುದುರೆಯ ಲಗಾಮು ಹೊಲಿಸಬೇಕೆಂದರೆ ಅಬ್ನರ್ ಹರ್ಷ್‌ಬರ್ಗರನ ಹತ್ತಿರವೇ ಹೋಗಬೇಕು. ಸರಳವಾಗಿ ಬದುಕಬೇಕೆಂಬ ಕಟ್ಟಳೆಯ ನಮ್ಮ ಆಮಿಶ್ ಕ್ರೈಸ್ತ ಸಭೆಗೆ ಡೀಕನ್ ಕೂಡ ಅವನೇ. ಯಾರಾದರೂ ಕಟ್ಟಳೆ ಮೀರಿ ಥಳುಕಿನ ಬಟ್ಟೆಯನ್ನೋ ಸಾಮಾನನ್ನೋ ಇಟ್ಟುಕೊಂಡರೆ, ಅವರ ಮನೆಗೆ ಹೋಗಿ ಮೆಲ್ಲಗೆ ಬುದ್ಧಿ ಹೇಳಿ ಬರುವುದು ಡೀಕನ್‌ನ ಕೆಲಸ. ಆ ಕೆಲಸ ಯಾರಿಗೂ ಬೇಡ. ಅಬ್ನರನಿಗೆ ಮಾತ್ರ ಒಂಚೂರು ರುಚಿಸಿತ್ತು ಎಂದು ಊರಲ್ಲಿ ಗುಸುಗುಸು ಇತ್ತು.

ಚಳಿಗಾಲದ ಜಿಂಕೆ ಬೇಟೆಯೆಂದರೆ ಅವನಿಗೆ ಪ್ರಾಣ. ಹೊಡೆಯುವುದಕ್ಕಿಂತ ಹೆಚ್ಚಾಗಿ ಮರದ ಬುಡದಲ್ಲಿ ಸುಮ್ಮನೆ ಕೂರುವ ಆ ಹೊತ್ತು ಬೇಕು ಅವನಿಗೆ. ಆದರೆ ಹುಲ್ಲಟ್ಟದಿಂದ ಬಿದ್ದು ಬಲಭುಜ ಹೋಯಿತು. ಹಳೆಯ ಬಿಲ್ಲನ್ನು ಎಳೆಯಲಾಗದು. ಮಕ್ಕಳು ಸೇರಿ ಹೊಸ ಅಡ್ಡಬಿಲ್ಲು ತಂದುಕೊಟ್ಟರು. ಬಂದೂಕಿನ ಹಾಗೆ ಹೆಗಲಿಗೆ ಕೊಟ್ಟು, ಕುದುರೆ ಎಂಬ ಕೀಲನ್ನು ಬೆರಳಲ್ಲಿ ಎಳೆದರೆ ಆಯಿತು.

ಹೆಂಡತಿ ಸವಿಲ್ಲಾ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಭುಜದ ವಿಷ್ಯ ಬಿಡು, ನಿನ್ನ ಕಣ್ಣು ಮಂಜಾಗಿದೆ ಮಾರಾಯ. ಒಂದ್ ಮಾತು ಕೊಡು. ಗಾಯ ಆದ ಜಿಂಕೆ ಒಂದೇ ಒಂದು ಸಿಗದೆ ಹೋದ್ರೂ, ಅವತ್ತೇ ಇದು ಗೋಡೆಯ ಮೊಳೆಗೆ ಹೋಗ್ಬೇಕು, ಮತ್ತೆ ಕೆಳಗಿಳೀಬಾರ್ದು. ಎಲ್ಲೋ ಪೊದೆಯಲ್ಲಿ ನರಳಿ ಸಾಯೋ ಪ್ರಾಣಿ ನೆನೆಸ್ಕೊಂಡು ನಾನು ಊಟ ಮಾಡ್ಲಾರೆ."

"ಆಯ್ತು," ಎಂದ ಅಬ್ನರ್. ಕೊಟ್ಟ ಮಾತನ್ನು ಮುರಿಯುವ ಆಸಾಮಿ ಅವನಲ್ಲ.

ಬಾಣ ಕೊಳ್ಳಲು ಬೇಟೆ ಸಾಮಾನು ಮಾರುವ ಮಾಲನ್‌ನ ಅಂಗಡಿಗೆ ಹೋದ. ಗ್ಯಾಸ್ ದೀಪದ ಕೆಳಗೆ ಮಾಲನ್ ಬಾಣಗಳನ್ನು ಹರಡಿದ. ಹುಡುಗರೆಲ್ಲ ಹಗುರದ್ದನ್ನೇ ಕೇಳುತ್ತಾರೆ, ವೇಗ ಹೆಚ್ಚೆಂದು. ಅಬ್ನರ್ ಭಾರದ್ದನ್ನೇ ಆರಿಸಿದ. ಹಗುರ ಬಾಣ ಎಲುಬಿಗೆ ತಾಗಿದರೆ ನಿಂತುಬಿಡುತ್ತದೆ, ಬಿಲ್ಲಿಗೂ ಪೆಟ್ಟು. ಬಾಣದ ಹಿಂತುದಿ ಬಿಲ್ಲಿನ ಹೆದೆಗೆ ಸರಿಯಾಗಿ ಕೂರುವುದೋ ಎಂದು ಒಂದೊಂದನ್ನೇ ಇಟ್ಟು ನೋಡಿದ. ಮೊನೆಗಳಲ್ಲಿ, ತಾಗಿದಾಗ ಬಿಚ್ಚಿಕೊಳ್ಳುವ ರೆಕ್ಕೆಯಲಗಿನದನ್ನು ಪಕ್ಕಕ್ಕೆ ತಳ್ಳಿ, ಅಲ್ಲಾಡದ ಮೂರಲಗಿನದನ್ನು ಕೈಗೆತ್ತಿಕೊಂಡ. ಕಿಸೆಯಿಂದ ಚರ್ಮದ ಚೂರೊಂದನ್ನು ತೆಗೆದು ಅಲಗಿಗೆ ಒತ್ತಿದ. ಬೆಣ್ಣೆಯ ಹಾಗೆ ಕೊಯ್ದುಕೊಂಡಿತು.

"ಇದಾಗ್ಬಹುದು," ಎಂದ.

"ಗರಿ ಕಿತ್ತಳೆ ಬಣ್ಣದ್ದೇ ಹಾಕ್ಲಾ?" ಮಾಲನ್ ಕೇಳಿದ.

"ಕಂದು ಹಾಕು."

"ನೋಡು ಅಬ್ನರ್, ಬಾಣ ಜಿಂಕೆಯಿಂದ ಆಚೆ ಹಾದುಹೋಗಿ ಎಲೆಯೊಳಗೆ ಬೀಳುತ್ತೆ. ಅದು ಸಿಕ್ಕಿದ್ರೆ ತಾನೇ ಗೊತ್ತಾಗೋದು? ನೊರೆರಕ್ತ ಇದ್ರೆ ಶ್ವಾಸಕೋಶಕ್ಕೆ ತಾಗಿದೆ, ಹಿಂದೇನೇ ಹೋಗ್ಬಹುದು. ಹಸಿರು ಮೆತ್ತಿಕೊಂಡಿದ್ರೆ ಕರುಳು, ಸಂಜೆವರೆಗೂ ಕಾಯ್ಬೇಕು. ಅವಸರ ಮಾಡಿ ಎಬ್ಬಿಸಿದ್ರೆ ಓಡಿಹೋಗಿ ಇನ್ನೆಲ್ಲೋ ಸಾಯುತ್ತೆ."

"ನನಗೇ ಬೇಟೆ ಪಾಠ ಹೇಳ್ತೀಯಾ? ಹೋದ ವರ್ಷ ಇದೇ ಕಿತ್ತಳೆ ಗರಿ ಬಗ್ಗೆ ಮರ್ಲಿನ್ ಕೈಮ್‌ಗೆ ಬುದ್ಧಿ ಹೇಳಿ ಬಂದೋನು ನಾನು. ಗಾಡಿ ತುಂಬ ಆ ಬಾಣ ನೇತುಹಾಕ್ಕೊಂಡು ಮೆರೀತಿದ್ದ. ಈಗ ನಾನೇ ಹಾಕ್ಕೊಳ್ಲಾ?"

ಮಾಲನ್ ಕಂದು ಗರಿಯದನ್ನೇ ಕಟ್ಟಿಕೊಟ್ಟ. ಡೀಕನ್ ಜೊತೆ ಯಾರು ವಾದ ಮಾಡುತ್ತಾರೆ!

ನವೆಂಬರಿನ ಒಂದು ಬೆಳಗ್ಗೆ, ಮನೆಯ ಹಿಂದಿನ ಓಕ್ ತೋಪಿನಲ್ಲಿ ಕೊಂಬಿನ ಜಿಂಕೆಯೊಂದು ಹತ್ತಿರಕ್ಕೇ ಬಂತು. ಅಬ್ನರ್ ಬಿಲ್ಲಿನ ಕುದುರೆ ಎಳೆದ. ಜಿಂಕೆ ಒಮ್ಮೆ ಎಗರಿ ಇಳಿಜಾರಿನಲ್ಲಿ ಮಾಯವಾಯಿತು. ತಾಗಿತೋ, ಇಲ್ಲವೋ? ತಾಗಿದ್ದರೆ ಎಲ್ಲಿಗೆ? ಜಿಂಕೆ ನಿಂತಿದ್ದ ಜಾಗಕ್ಕೆ ಹೋಗಿ ನೋಡಿದರೆ ಬರೀ ಎಲೆ. ಕಂದು ಎಲೆಯೊಳಗೆ ಕಂದು ಬಾಣ. ಅವನ ಕಣ್ಣಿಗೆ ಎಲ್ಲ ಒಂದೇ. ಹಿಂದೆ ಹೋಗಲೂ ಭಯ, ಕೂರಲೂ ಭಯ. ಕೊನೆಗೆ ನಾಚಿಕೆ ಬಿಟ್ಟು ಸವಿಲ್ಲಾಳನ್ನು ಕರೆಯಲು ಮನೆಗೆ ನಡೆದ.

ಸವಿಲ್ಲಾ ಒಂದು ಕೋಲು ಹಿಡಿದು ಬಂದಳು. ಕೌದಿಗೆ ಹೊಲಿಗೆ ಹಾಕುವವಳ ಹಾಗೆ ಸಾಲುಸಾಲಾಗಿ ಎಲೆ ಮಗುಚುತ್ತ ಹೋದಳು. ಬಿಸಿಲು ಏರಿತು. ಅಬ್ನರ್ ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಪ್ರಾರ್ಥಿಸುತ್ತಿದ್ದ. ತನಗಾಗಿಯೋ ಜಿಂಕೆಗಾಗಿಯೋ, ಅವನಿಗೇ ತಿಳಿಯದು.

"ಕಿತ್ತಳೆ ಗರಿ ಆಗಿದ್ರೆ ಇಷ್ಟೊತ್ತಿಗೆ ಕಾಫಿ ಕುಡೀತಿದ್ವಿ," ಎಂದಳು ಸವಿಲ್ಲಾ ತಲೆ ಎತ್ತದೆ. "ಈ ಕಾಡೊಳಗೆ ನಿನ್ನ ಸರಳತನ ಯಾರಿಗೆ ತೋರಿಸ್ಬೇಕಿತ್ತು?"

ಅಬ್ನರನಿಗೆ ಅದು ನಾಟಿತು.

ಬಾಣ ಸಿಕ್ಕಿತು. ಮಣ್ಣಿನೊಳಗೆ ಅರ್ಧ ಹೂತಿತ್ತು. ಎಳೆದು ಬೆಳಕಿಗೆ ಹಿಡಿದರೆ ರಕ್ತವಿಲ್ಲ, ಒಂದು ಕೂದಲೂ ಇಲ್ಲ. ಗುರಿ ತಪ್ಪಿತ್ತು. ಜಿಂಕೆ ಬದುಕಿತ್ತು. ಅಬ್ನರ್ ಅಲ್ಲೇ ಕುಸಿದು ಕೂತು ಟೋಪಿಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ಸರಿ ಏಳು. ನಿನ್ನ ಬಿಲ್ಲು ಉಳೀತಲ್ಲ," ಎಂದಳು ಅವಳು.

ಆದರೆ ಅವನು ಮನೆಗೆ ಹೋಗಲಿಲ್ಲ. ನೇರವಾಗಿ ಮರ್ಲಿನ್ ಕೈಮ್‌ನ ಮರ ಕೊಯ್ಯುವ ಮಿಲ್ಲಿಗೆ ಹೋದ. ಡೀಕನ್ ಬಂದದ್ದು ಕಂಡು ಮರ್ಲಿನ್ ಮತ್ತೇನು ತಪ್ಪಾಯಿತೋ ಎಂದು ಕೈ ಒರೆಸಿಕೊಳ್ಳುತ್ತ ಎದ್ದು ನಿಂತ.

"ಕಿತ್ತಳೆ ಗರಿ ಬಗ್ಗೆ ನಿನಗೆ ಹೇಳಿದ್ದು ತಪ್ಪಾಯ್ತಪ್ಪ. ಅದು ಥಳುಕಲ್ಲ. ಹಾಕ್ಕೋ."

ಮರ್ಲಿನ್ ನೆಲ ನೋಡಿದ. "ನೀವು ಬಂದು ಹೋದ ಮೇಲೆ ನಾನು ಎಲ್ಲ ಕಿತ್ತು ಕಂದು ಅಂಟಿಸ್ದೆ. ಆಮೇಲೆ ಒಂದು ಹೆಣ್ಣುಜಿಂಕೆಗೆ ಹೊಡೆದೆ. ಬಾಣ ಸಿಗ್ಲಿಲ್ಲ. ಸರಿಯಾಗಿ ತಾಗಿರ್ಬೇಕು ಅಂದ್ಕೊಂಡು ಹಿಂದೇನೇ ಹೋದೆ. ಕರುಳಿಗೆ ತಾಗಿತ್ತು ಕಾಣುತ್ತೆ, ಎದ್ದು ಓಡ್ತು. ಹಿಮ ಕರಗಿದ ಮೇಲೆ ಹಳ್ಳದ ಹತ್ರ ಮೂಳೆ ಸಿಕ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ನಿಮಗೆ ಹೇಗೆ ಹೇಳ್ಲಿ?"

ಅಬ್ನರ್ ಮನೆಗೆ ಬಂದು, ಚರ್ಮದ ಕೆಲಸದ ಕೋಣೆಯ ಗೋಡೆಗೆ ಮೊಳೆ ಹೊಡೆಯತೊಡಗಿದ. ಸದ್ದು ಕೇಳಿ ಸವಿಲ್ಲಾ ಬಂದಳು. ಅವನು ಹೊಸ ಅಡ್ಡಬಿಲ್ಲನ್ನು ಎತ್ತಿ ನೇತುಹಾಕುತ್ತಿದ್ದ.

"ಇದೇನು ಮಾರಾಯ? ನೀನು ಹೊಡೆದದ್ದು ತಾಗ್ಲೇ ಇಲ್ವಲ್ಲ?"

"ನಿನಗೆ ಮಾತು ಕೊಟ್ಟಿದ್ದೆ," ಎಂದ ಅಬ್ನರ್. "ಒಂದು ಜಿಂಕೆ ಸಿಗದೆ ಹೋಗಿದೆ."