ಫೆರಿಗೆ ಕಾಯುವ ಇಪ್ಪತ್ತಾರು ನಿಮಿಷ

ಗುನ್ವೊರ್ ಟ್ವೈಟನ್ ಫೆರಿಗೆ ಕಾದಿರುವ ಸಾಲಿನ ಆರನೆಯ ಕಾರಿನ ಗಾಜು ತಟ್ಟುತ್ತಾರೆ. ಗಾಜು ಎರಡು ಬೆರಳಿನಷ್ಟು ಇಳಿಯುತ್ತದೆ.

"ಏನೂ ಬೇಡ. ಮನೇಲಿ ಎಲ್ಲಾ ಇದೆ."

"ನಾನೇನೂ ಮಾರೋಕೆ ಬಂದಿಲ್ಲ. ಒಂದೇ ಪ್ರಶ್ನೆ. ನಿನ್ನ ಶೂ ರಿಪೇರಿಯವನು ಅಂಗಡೀನ ಆಚೆ ದಡಕ್ಕೆ ಎತ್ಕೊಂಡು ಹೋದ್ರೆ ನೀನೂ ಅಲ್ಲಿಗೆ ಹೋಗ್ತೀಯಾ?"

"ಒಂದು ಅಟ್ಟೆ ಹೊಲಿಸೋಕೆ ಈ ಫೆರಿ ಕಾಯೋದಾ? ತಲೆ ನೆಟ್ಟಗಿದೆಯಾ ನಿಂಗೆ?"

"ಹಾಗಾದ್ರೆ 'ಇಲ್ಲ' ಅಂತ ಬರ್ಕೋತೀನಿ."

ಬೆಳಗಿನ ಆರೂಕಾಲು. ಕಾರುಗಳನ್ನು ಆಚೆ ದಡಕ್ಕೆ ದಾಟಿಸುವ ಹಡಗು ಬಂದು ನಿಲ್ಲುವ ಸ್ಟೈನ್‌ವೋಗ್ ಊರಿನ ಫೆರಿಕಟ್ಟೆಯ ಮೇಲೆ ಆಲಿಕಲ್ಲು ಬೀಳುತ್ತಿದೆ. ಪೆನ್ನಿನ ಶಾಯಿ ಚಳಿಗೆ ಹೆಪ್ಪುಗಟ್ಟುವುದರಿಂದ ಗುನ್ವೊರ್ ಬರೆಯುವುದು ಪೆನ್ಸಿಲ್ಲಿನಲ್ಲೇ. ಐವತ್ತೆಂಟು ವಯಸ್ಸಿನ ಅವರು, ವ್ಯಾಪಾರದಲ್ಲಿ ಏಕಸ್ವಾಮ್ಯ ತಡೆಯುವ ಸರ್ಕಾರಿ ಸ್ಪರ್ಧಾ ಪ್ರಾಧಿಕಾರದ ಕ್ಷೇತ್ರ ಸಿಬ್ಬಂದಿ. ಇದು ಈ ಕಟ್ಟೆಯಲ್ಲಿ ಅವರ ಹದಿನೇಳನೆಯ, ಕೊನೆಯ ಮುಂಜಾವು.

ಊರಿನಲ್ಲಿರುವುದು ಎರಡೇ ಮಾಲ್. ಒಂದರ ಒಡೆತನವಿದ್ದ ಕಂಪನಿ, ಇನ್ನೊಂದರ ಒಡೆತನದ ಕಂಪನಿಯನ್ನೇ ಇಡಿಯಾಗಿ ಕೊಳ್ಳಲು ಹೊರಟಿತ್ತು. ಹಾಗಾದರೆ ಬಾಡಿಗೆ ಏರಿಸಿದಾಗ "ಪಕ್ಕದ ಮಾಲ್‌ಗೆ ಹೋಗ್ತೀನಿ" ಎಂದು ಯಾವ ಅಂಗಡಿಯವನೂ ಹೆದರಿಸುವಂತಿಲ್ಲ. ಅಲ್ಲಿಯೂ ಅದೇ ಧಣಿ. ಕಂಪನಿಯ ವಕೀಲರು ನಕ್ಷೆ ಹರಡಿದರು: ಊರ ಮುಂದಿನ ಕಡಲಚಾಚು ಫ್ಯೋರ್ಡಿನ ಆಚೆ ಮೂರನೆಯ ಮಾಲ್ ಇದೆಯಲ್ಲ, ಅಂಗಡಿಯವರು ಅಲ್ಲಿಗೆ ಹೋಗಲಿ, ಇಪ್ಪತ್ತೆರಡೇ ನಿಮಿಷದ ದಾರಿ! ನೀರಿನ ಮೇಲಿನ ಹನ್ನೆರಡು ನಿಮಿಷವೂ ಲೆಕ್ಕದಲ್ಲಿತ್ತು. ಸಾಲಿನಲ್ಲಿ ಕಾಯುವುದು ಮಾತ್ರ ಇರಲಿಲ್ಲ. ಅಂಗಡಿಯ ಹಿಂದೆ ಗಿರಾಕಿಯೂ ಹೋಗುತ್ತಾನೆಯೇ ಎಂದು ಯಾರೂ ಕೇಳಿರಲಿಲ್ಲ.

"ನಕ್ಷೆ ಯಾವತ್ತಾದ್ರೂ ಫೆರಿ ತಪ್ಪಿಸ್ಕೊಂಡಿದೆಯಾ?" ಎಂದು ಗುನ್ವೊರ್ ಕೇಳುತ್ತಾರೆ.

ಫೆರಿ ಕಾಯುವುದೆಂದರೇನು ಎಂದು ಅವರಿಗೆ ಗೊತ್ತಿತ್ತು. ಹದಿನಾಲ್ಕು ವರ್ಷ ಇದೇ ಕಟ್ಟೆಯಲ್ಲಿ ಟಿಕೆಟ್ ಹರಿದವರು. ಕಾರಿನ ನಂಬರನ್ನು ಕ್ಯಾಮೆರಾವೇ ಓದತೊಡಗಿದಾಗ ಕೆಲಸ ಹೋಯಿತು. ಹನ್ನೊಂದು ತಿಂಗಳು ಮನೆಯಲ್ಲಿ ಕೂತರು. "ನಂಗೆ ಬರ್ತಿದ್ದ ವಿದ್ಯೆ ಒಂದೇ, ಗಾಜು ತಟ್ಟೋದು. ಅದಕ್ಕೂ ಸಂಬಳ ಕೊಡೋರು ಸಿಕ್ಕಿದ್ರು ನೋಡು!" ಎನ್ನುತ್ತಾರೆ.

ಹದಿನೇಳು ಮುಂಜಾವಿಗೆ ಒಟ್ಟು ಆರುನೂರ ನಲವತ್ತು ಕಾರು. 'ಹೋಗ್ತೀನಿ' ಎಂದವರು ಹನ್ನೊಂದು ಜನ, ಅದರಲ್ಲೂ ನಾಲ್ವರ ತಾಯಿಮನೆ ಆಚೆ ದಡದಲ್ಲಿದೆ. ಸರಾಸರಿ ಕಾಯುವಿಕೆ ಇಪ್ಪತ್ತಾರು ನಿಮಿಷ. ಮೊಣಕಾಲು ನೋವು, ಬೈಗುಳ ಯಾವ ಪಟ್ಟಿಯಲ್ಲೂ ಇಲ್ಲ. ಆ ಕೊನೆಯ ಮುಂಜಾವು ಕಳೆದು ಈಗ ಹಲವು ತಿಂಗಳಾಗಿದೆ. ಕಳೆದ ತಿಂಗಳು ಪ್ರಾಧಿಕಾರದ ತೀರ್ಮಾನ ಬಂತು: ಕಂಪನಿ ಉಳಿದದ್ದನ್ನೆಲ್ಲ ಕೊಳ್ಳಬಹುದು, ಸ್ಟೈನ್‌ವೋಗ್‌ನ ಎರಡನೆಯ ಮಾಲನ್ನು ಮಾತ್ರ ಬೇರೆಯವರಿಗೆ ಮಾರಲೇಬೇಕು. ನೂರ ನಲವತ್ತು ಪುಟದ ಆ ಆದೇಶದಲ್ಲಿ ಗುನ್ವೊರ್ ಹೆಸರಿಲ್ಲ. ಎಂಬತ್ತಮೂರನೆಯ ಪುಟದಲ್ಲಿ ಅವರ ಕೋಷ್ಟಕವಿದೆ.

ಮಾರಾಟ ನಡೆಯುವವರೆಗೆ ತಿಂಗಳಿಗೊಮ್ಮೆ ಬಂದು ನೋಡುವುದೂ ಅವರದೇ ಕೆಲಸ. ಇವತ್ತು ಆ ಎರಡನೆಯ ಮಾಲ್‌ಗೆ ಬಂದಿದ್ದಾರೆ. ಮೆಟ್ಟಿಲ ಪಕ್ಕದ ಗೂಡಿನಲ್ಲಿ ಸಿಗ್ಮುಂಡ್ ಆಸ್ಕೆ ಹತ್ತೊಂಬತ್ತು ವರ್ಷದಿಂದ ಶೂ ರಿಪೇರಿ ಮಾಡುತ್ತಾ, ಕೀಲಿಕೈ ಕಡೆಯುತ್ತಾ ಇದ್ದಾನೆ. ಅವನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ. ಬಾಡಿಗೆ ಏರಿದರೆ ಅಂಗಡಿ ಮುಚ್ಚುವುದೇ ಸರಿ ಎಂದುಕೊಂಡಿದ್ದವನು ಈಗ ಶಿಳ್ಳೆ ಹೊಡೆಯುತ್ತಿದ್ದಾನೆ.

"ಸುದ್ದಿ ಬಂದ ರಾತ್ರಿ ಎಂಥಾ ನಿದ್ದೆ ಅಂತೀಯ! ಬದುಕಿದೀನಾ ಅಂತ ಹೆಂಡ್ತಿ ಮುಟ್ಟಿ ನೋಡಿದ್ಲಂತೆ. ನನ್ನ ಅಂಗಡಿ ಉಳಿಸಿಬಿಟ್ಟೆ ನೀನು."

"ನಾನಲ್ಲ. ಕಾಯೋಕೆ ತಾಳ್ಮೆ ಇಲ್ಲದ ಆರುನೂರು ಜನ."

"ಆಯ್ತು ಮಾರಾಯ್ತಿ, ಬೂಟು ಬಿಚ್ಚು. ಅಟ್ಟೆ ಸವೆದು ಬಾತುಕೋಳಿ ಥರ ನಡೀತಿದ್ದೀಯ. ಹತ್ತು ನಿಮಿಷದ ಕೆಲಸ, ಪುಕ್ಕಟೆ."

"ಮಾರಾಟ ಆಗೋವರೆಗೂ ಕಡತ ಮುಚ್ಚಲ್ಲ, ಸಿಗ್ಮುಂಡ್. ಅಲ್ಲೀವರೆಗೂ ನಿನ್ನ ಹತ್ರ ಏನೂ ಮಾಡಿಸ್ಕೊಳ್ಳೋ ಹಾಗಿಲ್ಲ."

"ಸರಿ, ದುಡ್ಡು ತಗೋತೀನಿ. ರಸೀತೀನೂ ಕೊಡ್ತೀನಿ!"

ಗುನ್ವೊರ್ ಕೈಗವಸು ತೊಡುತ್ತಾರೆ.

"ಮತ್ತೆಲ್ಲಿ ಮಾಡಿಸ್ಕೋತೀಯ? ಒಂದು ಅಟ್ಟೆಗೋಸ್ಕರ ಆಚೆ ದಡಕ್ಕೆ ಹೋಗ್ತೀಯಾ?"

ಗುನ್ವೊರ್ ನಗುತ್ತಾರೆ. "ಕಾಯೋದು ನಂಗೆ ಅಭ್ಯಾಸ. ಇಲ್ಲಿ ಬೇಡ ಅಂದ್ರೆ ಬೇಡ."